ಹೊಳೆಯಲ್ಲಿ ಕಿವುಚಿದ ಹುಣಸೆ

"ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ." ಕೈಯಲ್ಲಿ ಕಾಸು ನಿಲ್ಲದವರನ್ನು ಕಂಡಾಗ ಈ ಗಾದೆ ತಾನಾಗಿ ಬಾಯಿಗೆ ಬರುತ್ತದೆ. ದುಂದುಗಾರಿಕೆಯ ಮೇಲಿನ ಬೈಗುಳವೆಂದೇ ಅದನ್ನು ಬಳಸುತ್ತೇವೆ. ಗಾದೆಯನ್ನು ಬಿಡಿಸಿ ನೋಡಿದರೆ ಅದರೊಳಗೆ ದುಂದಿನ ಸುಳಿವೇ ಇಲ್ಲ.

ಮೊದಲು ಹುಣಸೆ. ನಿಂಬೆಹಣ್ಣಿನ ಗಾತ್ರದ್ದಿದ್ದರೆ ಐದಾರು ಜನರ ಸಾರಿಗೆ ಹುಳಿ ಹತ್ತುತ್ತದೆ. ಹೊಳೆ ಸೇರಿದ್ದೂ ಅದೇ ಹುಣಸೆ, ಅದರ ಹುಳಿಯೇನೂ ಕಡಿಮೆಯಲ್ಲ. ಆಮೇಲೆ ಕಿವುಚುವುದು. ಗಾದೆ "ಎಸೆದ ಹಾಗೆ" ಅನ್ನುವುದಿಲ್ಲ. ಬೆರಳಲ್ಲಿ ಹಿಸುಕಿ, ನಾರು ಬೀಜ ಬೇರ್ಪಡಿಸಿ ರಸ ತೆಗೆಯುವ ಕೈಯ ದುಡಿಮೆ ಅಲ್ಲಿದೆ. ಕೊನೆಗೆ ಹೊಳೆ. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಎಂಬ ಗಾದೆಯೂ ಸಾಕಾಗದ ಗಳಿಕೆಯನ್ನೇ ಹೇಳುತ್ತದೆ, ಆದರೆ ಆನೆಯ ಹೊಟ್ಟೆ ಎಂದಾದರೂ ತುಂಬೀತು. ಹೊಳೆ ಹರಿಯುತ್ತಲೇ ಇರುತ್ತದೆ. ಇಂದು ಹುಳಿ ಹಿಂಡಿದ ನೀರು ನಾಳೆ ಅಲ್ಲಿರುವುದಿಲ್ಲ.

ಹುಣಸೆಯೂ ಹೊಳೆಯೂ ಕೂಡಿದ ಸೀಮೆ ಹೊಗೆನಕಲ್. ಅದಿರುವ ತಮಿಳುನಾಡಿನ ಧರ್ಮಪುರಿ ಜಿಲ್ಲೆ ಹುಣಸೆಯ ನಾಡು. ಅದರ ಅಂಚಿನಲ್ಲಿ ಕಾವೇರಿ, ಆಚೆ ದಡದಲ್ಲಿ ಕರ್ನಾಟಕ. ತಮಿಳರೂ ಹೊಳೆಯಲ್ಲಿ ಕರಗಿಸಿದ ಹುಣಸೆಯ ಮಾತಾಡುತ್ತಾರೆ, ಹಾಗಾಗಿ ಎರಡು ದಡದವರಿಗೂ ಈ ಗಾದೆ ಮನೆಯದೇ. ಹರಿಗೋಲು ಹುಟ್ಟು ಹಾಕುವವರು, ಪ್ರವಾಸಿಗರಿಗೆ ಎಣ್ಣೆ ತಿಕ್ಕುವವರು, ಮೀನು ಹುರಿದು ಮಾರುವ ಹೆಂಗಸರು ಇಲ್ಲಿ ಹೊಳೆಯನ್ನೇ ನಂಬಿದ್ದಾರೆ. ಕೃಷ್ಣರಾಜಸಾಗರ, ಕಬಿನಿಗಳಿಂದ ಹೆಚ್ಚು ನೀರು ಬಿಟ್ಟಾಗ ಪ್ರವಾಹದ ಭಯಕ್ಕೆ ಜಿಲ್ಲಾಡಳಿತ ಹರಿಗೋಲು ನಿಲ್ಲಿಸುತ್ತದೆ. ಜೀವದ ಪ್ರಶ್ನೆ, ನಿಲ್ಲಿಸಲೇಬೇಕು. ಆದರೆ ಪ್ರವಾಸಿಗರಿಲ್ಲದೆ ಎಣ್ಣೆಯ ಬಟ್ಟಲೂ ಮೀನಿನ ಬಾಣಲೆಯೂ ಸುಮ್ಮನಾಗುತ್ತವೆ. ಅಂಗಡಿಯ ಬಾಕಿ, ಬಡ್ಡಿ, ಮಕ್ಕಳ ಶಾಲೆಯ ಖರ್ಚು ಮಾತ್ರ ನಿಲ್ಲುವುದಿಲ್ಲ. ನೀರಿಳಿದು ಹರಿಗೋಲು ಮತ್ತೆ ಇಳಿದಾಗ ಬಂದ ಕೂಲಿ ಹಿಂದಿನ ಬಾಕಿಗೇ ಹೋಗುತ್ತದೆ. ಇಲ್ಲಿ ದುಂದು ಮಾಡಿದವರು ಯಾರು? ಗಾದೆಯ ಹೊಳೆ ಎಂದರೆ ಈ ನಿಲ್ಲದ ಖರ್ಚು.

ಸರ್ವಜ್ಞನ ಪ್ರಸಿದ್ಧ ತ್ರಿಪದಿಯೊಂದು ಸಾಲವನ್ನು ಬೇರೆ ರೀತಿಯಲ್ಲಿ ಹಿಡಿದಿದೆ. ಪಡೆಯುವಾಗಿನ ಸುಖ ಅಲ್ಲಿ ನಾಲಗೆಯದು, ತೀರಿಸುವಾಗಿನ ಸಂಕಟ ಮೈಯ ನೋವು. ಅಲ್ಲಿ ಬಾಗಿಲಿಗೆ ಬರುವ ಸಾಲಿಗನಿದ್ದಾನೆ. ಅವನನ್ನು ಬೇಡಬಹುದು, ಶಪಿಸಲೂಬಹುದು. ಹುಣಸೆಯ ಗಾದೆಯಲ್ಲಿ ಎದುರಾಳಿಯೇ ಇಲ್ಲ. ಹೊಳೆ ಕೇಡು ಬಯಸಿದ್ದಲ್ಲ, ಕೈ ಸೋಮಾರಿಯಲ್ಲ, ಹಣ್ಣು ಕೆಟ್ಟದ್ದಲ್ಲ. ಎಲ್ಲವೂ ಸರಿಯಿದ್ದೂ ಸಾರು ಆಗಲಿಲ್ಲ. ಬಡತನದ ಈ ಮುಖವನ್ನು ನೇರ ಮಾತಿನಲ್ಲಿ ಹೇಳಹೋದರೆ ಅದು ದೂರಿನ ಮಾತಾಗುತ್ತದೆ ಅಥವಾ ಗೋಳಾಗುತ್ತದೆ. ಹೋಲಿಕೆ ಅದನ್ನು ಎರಡೂ ಆಗದಂತೆ ಕಾಯುತ್ತದೆ.

ಈ ಹೋಲಿಕೆಯನ್ನು ಕವಿತೆಗೆ ತರುವವರು ಅದನ್ನು ಯಾರ ಬಾಯಲ್ಲಿ ಇಡುತ್ತೇವೆಂದು ಯೋಚಿಸಬೇಕು. ನೆರೆಯವನು ಆಡಿದರೆ ತೀರ್ಪು. "ನಮ್ದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು" ಎಂದು ದುಡಿದವಳೇ ಆಡಿದರೆ ಅದೇ ಮಾತು ಲೆಕ್ಕ ಒಪ್ಪಿಸುತ್ತದೆ: ಕಿವುಚಿದ್ದು ನಿಜ, ಹುಳಿಯಿದ್ದದ್ದೂ ನಿಜ. ಗಾದೆ ಹುಟ್ಟಿದ್ದು ಆ ಎರಡನೆಯ ಬಾಯಲ್ಲೇ ಇರಬೇಕು ಅನ್ನಿಸುತ್ತದೆ. ಹುಣಸೆ ಕಿವುಚಿ ಗೊತ್ತಿಲ್ಲದವರಿಗೆ ಈ ಹೋಲಿಕೆ ಹೊಳೆಯುವಂಥದ್ದಲ್ಲ.