ನಗುವಿನೊಳಗಿನ ಹಿಂಸೆ

ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಅವರು 1902ರಲ್ಲಿ ನಿರ್ಮಿಸಿದ, ಚಂದ್ರಯಾತ್ರೆಯನ್ನು ಕುರಿತ ಮೂಕಚಿತ್ರವು ಸುಮಾರು ಕಾಲು ಗಂಟೆಯದು. ಫಿರಂಗಿಯಿಂದ ಸಿಡಿದ ಗುಂಡಿನೊಳಗೆ ಕುಳಿತ ಆರು ಮಂದಿ ಖಗೋಳಜ್ಞರು ಚಂದ್ರನ ಕಣ್ಣಿಗೇ ನಾಟಿ ಇಳಿಯುತ್ತಾರೆ. ಅಲ್ಲಿ ಎದುರಾದ ಚಂದ್ರವಾಸಿಗೆ ಕೊಡೆಯಿಂದ ಒಂದು ಪೆಟ್ಟು. ಆ ಜೀವ ಹೊಗೆಯಾಗಿ ಹೋಗುತ್ತದೆ, ನೋಡುವವರಿಗೆ ನಗು ಬರುತ್ತದೆ. ಅವರ ಅರಸನ ಗತಿಯೂ ಅದೇ. ವಾಹನಕ್ಕೆ ಜೋತುಬಿದ್ದು ಭೂಮಿಗೆ ಬಂದವನೊಬ್ಬನನ್ನು ಸೆರೆಯಾಳಾಗಿ ಮೆರವಣಿಗೆಯಲ್ಲಿ ತೋರಿಸಲಾಗುತ್ತದೆ. ಯಾತ್ರಿಕರಿಗೆ ಪದಕಗಳು ದೊರೆಯುತ್ತವೆ.

ಇದು ವಿನೋದವಷ್ಟೇ, ಇಲ್ಲಿ ಸತ್ತವರಾರೂ ಇಲ್ಲ ಎನ್ನಬಹುದು. ನಿಜ. ಆದರೆ ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು ಬಗೆಯಾಗಿ ಎಣಿಸುವ ಧರ್ಮದೃಷ್ಟಿಗೆ ನೋಡುಗನ ನಗುವೂ ವಿಚಾರಣೀಯವೇ. ರಕ್ತವಿಲ್ಲ, ಶವವಿಲ್ಲ, ಅಳುವವರಿಲ್ಲ. ಆದ್ದರಿಂದಲೇ ಮನಸ್ಸು ಅಳುಕದೆ ಒಪ್ಪಿಬಿಡುತ್ತದೆ. ಮೆಲಿಯೆಸ್ ವ್ಯಂಗ್ಯಚಿತ್ರಕಾರರೂ ಆಗಿದ್ದರು. ಅಂದಿನ ದಂಡಯಾತ್ರೆಗಳನ್ನೇ ಅವರು ಅಣಕಿಸಿದರೆಂದು ಹಲವು ವಿಮರ್ಶಕರ ಮತ. ಹಾಗಿದ್ದರೂ ಅಣಕವನ್ನು ಅರಿಯದೆ ನಕ್ಕವನ ಹೊಣೆ ಕಳೆಯದು.

2023ರ ಆಗಸ್ಟ್ 23ರಂದು ಭಾರತದ ಚಂದ್ರಯಾನ-3ರ ನೌಕೆಯು ವೇಗವನ್ನು ತಗ್ಗಿಸಿ, ಅಪಾಯವಿಲ್ಲದ ನೆಲವನ್ನು ಅರಸಿ, ಚಂದ್ರನ ಮೇಲೆ ಮೆಲ್ಲನೆ ಕಾಲೂರಿತು. ನಿರ್ಜೀವ ನೆಲಕ್ಕೆ ಇಳಿಯಲು ಯಂತ್ರಕ್ಕೆ ಕಲಿಸಿದ ಆ ಎಚ್ಚರ, ಜೀವಿಗಳ ನಡುವೆ ನಡೆಯುವ ಮನುಷ್ಯನಿಗೆ ಇನ್ನೂ ಹೆಚ್ಚು ಬೇಕಲ್ಲವೇ?