ಬಾರದ ಬೇನೆಯ ಋಣ

ಒಂದೂರಿನಲ್ಲಿ ಕಟ್ಟೆಯಿಲ್ಲದ ಒಂದು ಬಾವಿಯಿತ್ತೆಂದು ಭಾವಿಸೋಣ. ಆಡುತ್ತಿದ್ದ ಮಗುವೊಂದು ಅದರೊಳಕ್ಕೆ ಬಿದ್ದಿತು. ದಾರಿಹೋಕನೊಬ್ಬನು ಧುಮುಕಿ ಮಗುವನ್ನು ಮೇಲೆತ್ತಿದನು. ಊರವರು ಅವನಿಗೆ ಹಾರ ಹಾಕಿದರು, ಶಾಲು ಹೊದಿಸಿದರು. ತಾಯಿ ಅವನ ಕಾಲಿಗೆರಗಿದಳು. ಇದೆಲ್ಲವೂ ನ್ಯಾಯವೇ ಸರಿ. ಮರುವರ್ಷ ಮತ್ತೊಬ್ಬನು ಬಂದು ಬಾವಿಯ ಸುತ್ತ ಎದೆಯೆತ್ತರದ ಕಟ್ಟೆಯನ್ನು ಕಟ್ಟಿಸಿದನು. ಅಂದಿನಿಂದ ಯಾವ ಮಗುವೂ ಬೀಳಲಿಲ್ಲ. ಇವನಿಗೆ ಹಾರ ಹಾಕಿದವರಿಲ್ಲ; ಕೊಡ ಸೇದಲು ತೊಡಕಾಯಿತೆಂದು ಗೊಣಗಿದವರು ಮಾತ್ರ ಉಂಟು. ಕೆಲವು ಕಾಲ ಕಳೆದ ಮೇಲೆ ಆ ಕಟ್ಟೆ ಅಲ್ಲಿ ಏಕೆ ಇದೆಯೆಂಬುದೇ ಊರಿಗೆ ಮರೆತುಹೋಯಿತು.

ವಿಶ್ವವಿದ್ಯಾಲಯಗಳು ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಪದವಿ ಪಡೆದ ತರುಣರನ್ನೂ, ಅದೇ ಶಾಸ್ತ್ರವನ್ನೋದಿ ಹೊರಗೆ ದುಡಿದ ಹಳೆಯ ವಿದ್ಯಾರ್ಥಿಗಳನ್ನೂ ಕರೆದು ಸನ್ಮಾನಿಸುವ ವಾರ್ತೆಯನ್ನು ಓದಿದಾಗ ಈ ಬಾವಿಯ ದೃಷ್ಟಾಂತವು ನಮ್ಮ ಮನಸ್ಸಿಗೆ ಬಂದಿತು. ಶಸ್ತ್ರವೈದ್ಯನನ್ನು ಸನ್ಮಾನಿಸುವಾಗ ಸಭೆಯಲ್ಲಿ ಅವನಿಂದ ಬದುಕುಳಿದವನೊಬ್ಬ ಎದ್ದು ನಿಂತು ಸಾಕ್ಷಿ ನುಡಿಯಬಲ್ಲ. ಆದರೆ ಬಾರದೆ ಹೋದ ಬೇನೆಗೆ ಸಾಕ್ಷಿ ಯಾರು? ನಡೆಯದೆ ಹೋದ ಸಂಗತಿಗಾಗಿ ಮನುಷ್ಯನು ಋಣಿಯಾಗಿರಬಲ್ಲನೆ?

ಕನ್ನಡನಾಡಿನಲ್ಲಿಯೇ ಇದಕ್ಕೆ ತಕ್ಕ ನಿದರ್ಶನವೊಂದಿದೆ. ಡಾಕ್ಟರ್ ಪದ್ಮನಾಭನ್ ಪಲ್ಪು ಅವರು 1863ರಲ್ಲಿ ತಿರುವನಂತಪುರದಲ್ಲಿ ಜನಿಸಿದವರು. ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನೋದಿ ಬಂದರೂ, ಈಳವ ಜಾತಿಯವರೆಂಬ ಒಂದೇ ಕಾರಣಕ್ಕೆ ತಿರುವಾಂಕೂರು ಸಂಸ್ಥಾನವು ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಸಿಡುಬಿಗೆ ಹಾಕುವ ಲಸಿಕೆಯನ್ನು ತಯಾರಿಸುವ ಬೆಂಗಳೂರಿನ ಸಂಸ್ಥೆಯಲ್ಲಿ ಅವರು ದುಡಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಜನ ಊರು ಬಿಟ್ಟು ಓಡುತ್ತಿದ್ದ ದಿನಗಳಲ್ಲಿ ಅವರು ಊರೊಳಗೆ ನಿಂತು ಕೆಲಸ ಮಾಡಿದರು. ಮೈಸೂರಿನ ಸೇವೆಯಲ್ಲಿದ್ದುಕೊಂಡೇ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದು ಬಂದರು. ಕೇರಳದಲ್ಲಿ ಇಂದು ಅವರ ಹೆಸರು ಮನೆಮಾತು. ಆದರೆ ಅದು ಸಮಾಜಸುಧಾರಕರೆಂದು, ನಾರಾಯಣ ಗುರುಗಳ ಒಡನಾಡಿಯೆಂದು. ಅವರು ಯಾವ ಊರಿನ ನೀರು ನೆರಳನ್ನು ಕಾಯುತ್ತ ತಮ್ಮ ಉದ್ಯೋಗಜೀವನವನ್ನು ಸವೆಸಿದರೋ ಆ ಬೆಂಗಳೂರಿನಲ್ಲಿ ಅವರನ್ನು ನೆನೆಯುವವರು ವಿರಳ. ಅದೇ ಪ್ಲೇಗಿನ ಕಾಲದಲ್ಲಿ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲೆಂದು ಬೆಳೆಸಿದ ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳಲ್ಲಿ ಓಡಾಡುವವರಿಗೆ, ಆ ಅಗಲವು ಒಂದು ಮಾರಿಗೆ ಕೊಟ್ಟ ಉತ್ತರವೆಂಬುದು ತಿಳಿದಿದೆಯೆ? ಬೆಂಗಳೂರಿನಲ್ಲಿ ಪ್ಲೇಗಿನಮ್ಮನಿಗೆ ಗುಡಿಗಳಿವೆ. ಬೇನೆಗೆ ಗುಡಿ ಕಟ್ಟಿದೆವು, ಬೇನೆಯನ್ನು ತಡೆದವರಿಗೆ ಒಂದು ಕಲ್ಲನ್ನೂ ನಿಲ್ಲಿಸಲಿಲ್ಲ. ಇದನ್ನು ಹಳಿಯುವುದಕ್ಕಾಗಿ ಹೇಳುತ್ತಿಲ್ಲ. ಭಯವು ಕಣ್ಣಿಗೆ ಕಾಣುತ್ತದೆ, ಅಭಯವು ಕಾಣುವುದಿಲ್ಲ.

ಇನ್ನೂ ಹತ್ತಿರದ ಮಾತನ್ನು ನೋಡೋಣ. ಹಿಂದೂಪುರ, ಕಲ್ಯಾಣದುರ್ಗ, ಕೊಡಿಕೊಂಡಗಳ ನಮ್ಮ ಶಾಲೆಯ ಮಕ್ಕಳನ್ನು ನಿಲ್ಲಿಸಿ ‘ನಾರುಹುಣ್ಣು’ ಎಂದರೇನೆಂದು ಕೇಳಿದರೆ ಉತ್ತರ ಬರುವುದು ಕಷ್ಟ. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳೇ ಈ ಬೇನೆಯ ತವರು. ಹುಣ್ಣಾದ ಕಾಲನ್ನು ನೀರಿನಲ್ಲಿಟ್ಟವನಿಂದ ಹುಳುವಿನ ಮರಿಗಳು ನೀರಿಗೆ ಸೇರುವುವು. ಕಣ್ಣಿಗೆ ಬೀಳದಷ್ಟು ಸಣ್ಣ ನೀರಿನ ಕೀಟಗಳು ಅವನ್ನು ನುಂಗುವುವು. ಆ ನೀರನ್ನು ಸೋಸದೆ ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ತರುವಾಯ ದಾರದಂತಹ ಉದ್ದನೆಯ ಹುಳು ಹೊರಬರುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ತುಂಡಾದರೆ ಕಾಲು ಬಾತು ಕೀವು ತುಂಬುವುದು. ಬಿತ್ತನೆಯ ಹೊತ್ತಿಗೆ ಹಾಸಿಗೆ ಹಿಡಿದ ಒಕ್ಕಲಿಗನ ಹೊಲ ಬೀಳುಬಿದ್ದಂತೆಯೇ. ಆಂಧ್ರ, ಕರ್ನಾಟಕಗಳೆರಡೂ ಈ ಬೇನೆಯಿದ್ದ ರಾಜ್ಯಗಳು. ಗಡಿಯ ಕಲ್ಲನ್ನು ಅದು ಲೆಕ್ಕಿಸಲಿಲ್ಲ.

ಇದಕ್ಕೆ ಗುಣಪಡಿಸುವ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ, ಇಂದಿಗೂ ಇಲ್ಲ. ಆದರೂ ಅದು ಹೋಯಿತು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆಬಾವಿ ಕೊರೆಸಿದರು, ನೀರಿಗೆ ಕೀಟನಾಶಕ ಹಾಕಿದರು, ಮನೆಮನೆಗೂ ಹೋಗಿ ಬಟ್ಟೆಯಲ್ಲಿ ನೀರು ಸೋಸುವುದನ್ನು ಹೇಳಿಕೊಟ್ಟರು. ಭಾರತದ ಕಡೆಯ ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವು ಈ ಬೇನೆಯಿಂದ ಮುಕ್ತವೆಂದು ಸಾರಿತು. ಒಂದು ಪದ ಮಕ್ಕಳ ಬಾಯಿಂದ ಅಳಿಸಿಹೋಗುವುದು ಭಾಷೆಗೆ ನಷ್ಟವೆಂದು ನಾವು ಕನ್ನಡದ ಉಪಾಧ್ಯಾಯರು ಸಾಮಾನ್ಯವಾಗಿ ಮರುಗುತ್ತೇವೆ. ಇದೊಂದು ಪದದ ವಿಷಯದಲ್ಲಿ ಹಾಗೆ ಮರುಗಲಾಗದು.

ಆದರೆ ಕೃತಜ್ಞತೆಯ ಪ್ರಶ್ನೆ ಇಲ್ಲಿಯೇ ತೊಡಕಾಗುತ್ತದೆ. ನಾರುಹುಣ್ಣಾಗದೆ ಉಳಿದ ಬಾಲಕನಿಗೆ ತಾನು ಉಳಿದೆನೆಂಬುದು ತಿಳಿಯದು. ಉಳಿಸಿದವನಿಗೂ ತಾನು ಯಾರನ್ನು ಉಳಿಸಿದೆನೆಂಬುದು ತಿಳಿಯದು. ಕೊಟ್ಟವನೂ ಪಡೆದವನೂ ಒಬ್ಬರನ್ನೊಬ್ಬರು ಅರಿಯದಿರುವಾಗ ಅದು ಎಂತಹ ಋಣ? ಸಂಬಳಕ್ಕೆ ಮಾಡಿದ ಕೆಲಸ, ಅದಕ್ಕೆ ಋಣವೆಲ್ಲಿಯದು ಎನ್ನುವವರೂ ಉಂಟು; ಸಂಬಳವು ಹಾಜರಿಗೆ ಸಲ್ಲುತ್ತದೆಯೇ ಹೊರತು ಶ್ರದ್ಧೆಗಲ್ಲವೆಂಬುದನ್ನು ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಋಷಿಋಣವೆಂದು ಒಂದನ್ನು ಹೇಳಿದ್ದಾರೆ. ಋಷಿಗಳು ನಮ್ಮನ್ನು ಕಂಡವರಲ್ಲ, ನಾವು ಅವರನ್ನು ಕಂಡವರಲ್ಲ. ಆ ಋಣವನ್ನು ಕೊಟ್ಟವರಿಗೆ ಹಿಂದಿರುಗಿಸುವುದು ಸಾಧ್ಯವೂ ಅಲ್ಲ. ತಾನು ಓದಿ, ಮುಂದಿನವರಿಗೆ ಓದಿಸಿ ಅದನ್ನು ತೀರಿಸಬೇಕು. ಬಾರದ ಬೇನೆಯ ಋಣವೂ ಇದೇ ಜಾತಿಯದೆಂದು ನಮ್ಮ ಎಣಿಕೆ. ಕಟ್ಟೆಯನ್ನು ಕೆಡಹದೆ ಕಾಯುವುದು, ಅದು ಏಕಿದೆಯೆಂದು ಮಕ್ಕಳಿಗೆ ಹೇಳುವುದು, ಇದರ ಹೊರತು ಬೇರೆ ತೀರುವಳಿ ಇದ್ದಂತೆ ಕಾಣದು.

ಹಾಗೆಂದು ಆರೋಗ್ಯಾಧಿಕಾರಿಯ ಕೈಯೆಲ್ಲ ಚಿನ್ನವೆಂದು ಬಗೆಯತಕ್ಕದ್ದಲ್ಲ. ಪುಣೆಯಲ್ಲಿ ಪ್ಲೇಗಿನ ನೆಪದಿಂದ ಸೈನಿಕರು ಮನೆಯೊಳಗೆ ನುಗ್ಗಿ, ಹೆಂಗಸರ ಮಾನಕ್ಕೂ ದೇವರ ಕೋಣೆಗೂ ಬೆಲೆಗೊಡದೆ ಶೋಧಿಸಿದುದರ ಫಲವಾಗಿ 1897ರಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ಕೊಲೆಯೇ ನಡೆಯಿತು. ಜನರ ಒಳಿತನ್ನು ಜನರನ್ನು ಕೇಳದೆ ಮಾಡಹೊರಟವನು ಒಳಿತನ್ನೇ ಮಾಡಿದರೂ ಅವರ ಮನಸ್ಸಿನಲ್ಲಿ ಹಗೆಯಾಗುತ್ತಾನೆ. ಓದಿದವನಿಗೆ ಬರುವ ದೊಡ್ಡ ಬೇನೆ ಇದು.

ಇದಕ್ಕೆ ಮದ್ದು ಕಂಡುಹಿಡಿದವರ ಕಥೆ ನಮ್ಮ ಮಗ್ಗುಲಲ್ಲೇ ನಡೆದಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆದುದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಬಲ್ಲವರಲ್ಲಿ ಪ್ರಚಲಿತವಾಗಿದ್ದ ಮಾತು. ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬುವರು ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ ನೋಡಿದರು. 1963ರಲ್ಲಿ ಪ್ರಕಟವಾದ ಅವರ ವರದಿಯು ಆ ಮಾತನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು. ಸುಮಾರು ಅರ್ಧ ಮಂದಿ ಉಪಶಮನವನ್ನು ಹುಡುಕಿಕೊಂಡು ಹೋಗಿಯೂ ಇದ್ದರು. ಹೋದವರನ್ನು ಪರೀಕ್ಷಿಸಿ ರೋಗವನ್ನು ಗುರುತಿಸುವ ಬದಲು ಕೆಮ್ಮಿನ ಔಷಧದ ಸೀಸೆಯೊಂದನ್ನು ಕೊಟ್ಟು ಕಳುಹಿಸುವುದೇ ವಾಡಿಕೆಯಾಗಿದ್ದಿತು. ಅರಿವಿಲ್ಲದವರು ಯಾರು? ಹಳ್ಳಿಯವರಲ್ಲ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ತಾನಾಗಿಯೇ ಕೆಮ್ಮೆಂದು ಆಸ್ಪತ್ರೆಗೆ ಬಂದವರ ಕಫವನ್ನು ಪರೀಕ್ಷಿಸುವುದನ್ನು ಮೊದಲ ಹೆಜ್ಜೆಯಾಗಿ ಇಟ್ಟುಕೊಂಡಿತು. ಹೊಲದ ಬದುವಿನಲ್ಲಿ ಕೆಮ್ಮುತ್ತ ಕುಳಿತವನನ್ನು ಕೇಳಿದುದರಿಂದ ದೇಶದ ಒಂದು ಕಾರ್ಯಕ್ರಮ ನೆಲೆಗೊಂಡಿತೆಂಬುದನ್ನು ಓದಿದಾಗಲೆಲ್ಲ ನಮಗೆ ಪದವಿಯ ಮೇಲೆ ಗೌರವ ಹೆಚ್ಚುತ್ತದೆ. ಕೇಳಲು ಬಂದ ಪದವಿ ಅದು, ಹೇಳಲು ಬಂದುದಲ್ಲ.

ಆದುದರಿಂದ ಪದವೀಧರರ ಸನ್ಮಾನಕ್ಕೆ ನಮ್ಮ ವಿರೋಧವಿಲ್ಲ, ಸಂತೋಷವೇ. ಆದರೆ ಆ ವೇದಿಕೆಯ ಮೇಲೆ ಒಂದೆರಡು ಕುರ್ಚಿಗಳು ಹೆಚ್ಚಾಗಬೇಕೆಂಬ ಆಸೆಯುಂಟು. ಸಿಡುಬಿನ ಲಸಿಕೆ ಹೊತ್ತು ಕೇರಿ ಕೇರಿ ಅಲೆದು, ನಾಯಿಗಳಿಂದಲೂ ಮನುಷ್ಯರಿಂದಲೂ ಅಟ್ಟಿಸಿಕೊಂಡ ಲಸಿಕೆಯವರು ಪದವೀಧರರಲ್ಲ. 1975ರಲ್ಲಿ ದೇಶದಿಂದ ಆ ಮಾರಿ ತೊಲಗಿದ್ದು ಅವರ ಕಾಲ್ನಡೆಯಿಂದ. ಪೋಲಿಯೊ ಹನಿಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ ನಡೆದ ಅಂಗನವಾಡಿ, ಆಶಾ ಕಾರ್ಯಕರ್ತೆಯರೂ, ಚರಂಡಿ ಬಳಿಯುವವರೂ ಯಾವ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿಯೂ ಸಿಗಲಾರರು. ಸನ್ಮಾನ ಪಡೆಯುವ ಪದವೀಧರರೇ ಅವರನ್ನು ಕೈಹಿಡಿದು ವೇದಿಕೆಗೆ ಕರೆತಂದರೆ ನಮ್ಮ ಬಾವಿಯ ಕಟ್ಟೆಯವನಿಗೂ ಹಾರ ಹಾಕಿದಂತಾದೀತು.

ನಮ್ಮ ಸೀಮೆಯಲ್ಲಿ ವಿಶ್ವವಿದ್ಯಾಲಯದ ವೇದಿಕೆ ದೂರದ ಮಾತು. ಶಾಲೆಯ ಜಗಲಿ ಹತ್ತಿರದ್ದು. ಈ ವರ್ಷ ನಮ್ಮ ವಿದ್ಯಾರ್ಥಿಗಳು ತಂತಮ್ಮ ಮನೆಯ ಅಜ್ಜ ಅಜ್ಜಿಯರನ್ನು ನಾರುಹುಣ್ಣಿನ ವಿಷಯ, ಸಿಡುಬಿನ ವಿಷಯ ಕೇಳಿ, ಅವರು ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ತೆಲುಗಿನಲ್ಲಿ ಹೇಳಿದರೆ ಅದನ್ನು ಹಾಗೆಯೇ, ಬರೆದುಕೊಂಡು ಬರಲಿ. ಕಂಡವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಊರಿನಲ್ಲಿ ಹಳೆಯ ಮೆಟ್ಟಿಲು ಬಾವಿಯೊಂದು ಉಳಿದಿದ್ದರೆ ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ದು, ಕೆಳಗಿನ ಮೆಟ್ಟಿಲಿಗೆ ದಾರಿ ಏಕೆ ಮುಚ್ಚಿದೆಯೆಂಬುದನ್ನು ತೋರಿಸಲಿ.