ಹೇಳಿದ್ದೆವು, ಅವರೇ ಕೇಳಲಿಲ್ಲ

ದುರಂತ ಮುಗಿದ ಮೇಲೆ ಆಳುವವರ ಬಾಯಲ್ಲಿ ತಪ್ಪದೆ ಬರುವ ಮಾತು: ನಾವು ಹೇಳಿದ್ದೆವು, ಅವರೇ ಕೇಳಲಿಲ್ಲ. ಡಂಗುರ ಸಾರಿಸಿದ ಮೇಲೆ ಹೊಣೆ ಕಳೆಯಿತು ಎಂಬ ನೆಮ್ಮದಿ ಅದರಲ್ಲಿದೆ.

1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಚಂಡಮಾರುತ ಅಪ್ಪಳಿಸುವ ಮೊದಲೂ ಹೇಳಿದ್ದರು. ಹತ್ತನೇ ನಂಬರಿನ ಮಹಾ ಅಪಾಯ ಸಂಕೇತ ಎಂದು ರೇಡಿಯೊ ಸಾರಿತ್ತು. ಆ ನಂಬರುಗಳು ಹುಟ್ಟಿದ್ದೇ ಬಂದರಿನ ಹಡಗುಗಳಿಗಾಗಿ. ಹುಲ್ಲುಮಾಡಿನ ಮನೆಯವರಿಗೆ ಅದು ಯಾವ ಲೆಕ್ಕ? ಸತ್ತವರು ಸುಮಾರು 1.38 ಲಕ್ಷ. ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ಗಂಡ ಬಾರದೆ ಹೊಸ್ತಿಲು ದಾಟುವುದು ಹೇಗೆಂದು ಕಾದವರಿದ್ದರು, ಪರಗಂಡಸರು ಕಿಕ್ಕಿರಿದ ಆಶ್ರಯತಾಣಕ್ಕೆ ಹೋಗಲು ಹಿಂಜರಿದವರಿದ್ದರು.

ರೆಡ್ ಕ್ರೆಸೆಂಟ್‌ನ ಸ್ವಯಂಸೇವಕರು ಆಗಲೂ ಇದ್ದರು. 1970ರ ಭೋಲಾ ಚಂಡಮಾರುತ ಲಕ್ಷಗಟ್ಟಲೆ ಜನರನ್ನು ಕೊಂದ ಮೇಲೆ, 1972ರಲ್ಲಿ ಶುರುವಾದ ಏರ್ಪಾಡು ಅದು. ಮೆಗಾಫೋನ್, ಕೈಸೈರನ್, ಕೆಂಪು ಬಾವುಟ. ಮೂರು ಬಾವುಟ ಏರಿದರೆ ಮನೆ ಬಿಡಬೇಕು. ಅವರಿಂದ ಉಳಿದ ಜೀವಗಳು ಅನೇಕ. ಆದರೆ ಬಹುಪಾಲು ಗಂಡಸರಾದ್ದರಿಂದ ಅವರ ದನಿ ಎಷ್ಟೋ ಸಲ ಅಂಗಳದಲ್ಲೇ ನಿಲ್ಲುತ್ತಿತ್ತು. ಈಗಿರುವ 76,000ಕ್ಕೂ ಹೆಚ್ಚು ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು.

ಯಾವ ಮುದುಕನಿಗೆ ಕಿವಿ ಮಂದ, ಯಾರು ತುಂಬು ಬಸುರಿ ಎಂಬುದು ಸ್ವಯಂಸೇವಕಿಯಾದ ನೆರೆಮನೆಯವಳಿಗೆ ಗೊತ್ತು, ಸರಿಯೇ. ಅವಳ ಮಾತಿಗೆ ತೂಕ ಬರುವುದು ಅಷ್ಟರಿಂದಲೇ ಅಲ್ಲ ಎನಿಸುತ್ತದೆ. ಬಿರುಗಾಳಿ ದಿಕ್ಕು ಬದಲಿಸಿದರೆ, ಸರಿರಾತ್ರಿಯಲ್ಲಿ ಊರನ್ನೇ ಸುಮ್ಮನೆ ಓಡಿಸಿದಳು ಎಂಬ ಬೈಗುಳವನ್ನು ಮರುದಿನ ಕೊಳದ ಕಟ್ಟೆಯಲ್ಲಿ ಕೇಳಬೇಕಾದವಳು ಅವಳೇ. ಹವಾಮಾನ ಇಲಾಖೆಗೆ ಆ ಕಟ್ಟೆಯಿಲ್ಲ. ನಾಳೆ ಇವರಿಗೇ ಮುಖ ತೋರಿಸಬೇಕೆಂದು ಗೊತ್ತಿದ್ದೂ ಅವಳು ಬಾಗಿಲು ತಟ್ಟುತ್ತಾಳೆ. ಅದಕ್ಕೇ ಜನ ಎದ್ದು ಬರುತ್ತಾರೆ.

(2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳು ಒಟ್ಟಿಗೆ ಅರಚಿದವು; ತುರ್ತು ಸಂದೇಶದ ಪರೀಕ್ಷೆ ಅದು. ಒಳ್ಳೆಯದೇ. ಮೊಬೈಲಿಲ್ಲದ ಅಜ್ಜಿಗೆ ಯಾರು ಹೇಳುತ್ತಾರೆ ಎಂಬುದರ ಪರೀಕ್ಷೆ ಮಾತ್ರ ಅಂದು ಆಗಲಿಲ್ಲ.)

ಸ್ವಯಂಸೇವಕರ ಈ ಕೆಲಸಕ್ಕೆ ಸಂಬಳವಿಲ್ಲ. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಬರುವ ಮುನ್ನ, ಬಾಂಗ್ಲಾದೇಶದ ಪಟುವಾಖಾಲಿ ಜಿಲ್ಲೆಯಲ್ಲಿ ಜನರನ್ನು ಎಚ್ಚರಿಸಲು ಹೊರಟಿದ್ದ ಸ್ವಯಂಸೇವಕನೊಬ್ಬ ದೋಣಿ ಮಗುಚಿ ಸತ್ತ. ಸೇವೆ ಎಂದು ಹೆಸರಿಟ್ಟು ಬಡವರ ಕಾವಲಿಗೆ ಬಡವರನ್ನೇ ನಿಲ್ಲಿಸುವ ಈ ಏರ್ಪಾಡನ್ನು ಹೊಗಳಲು ಹೊರಟಾಗ ಮುಜುಗರವಾಗುತ್ತದೆ. ಸಂಬಳ ಕೊಟ್ಟರೆ ಅವರ ಮಾತೂ ಸರ್ಕಾರದ ಮಾತಾಗಿಬಿಟ್ಟೀತು ಎಂದು ಯಾರಾದರೂ ವಾದಿಸಬಹುದು. ಇದ್ದೀತು. ಆದರೆ ವಿಮೆ, ಗಟ್ಟಿ ದೋಣಿ, ಸತ್ತವರ ಮಕ್ಕಳ ಓದಿನ ಖರ್ಚು, ಇವು ಸಂಬಳವೇನಲ್ಲವಲ್ಲ.